ಜುಹೂರಾಳ ಸೊಂಟ, ಮೂಮಿನಾಳ ಹೆಗಲು

ಹಿರುಂದೂ ದ್ವೀಪದ ಪಡುವಣ ದಂಡೆಯಲ್ಲಿ ಹೊಗೆ ಎದ್ದರೆ ಅದು ಜುಹೂರಾಳ ಒಲೆ ಎಂದು ಕಡಲಲ್ಲಿ ದೂರವಿದ್ದ ದೋಣಿಯವರಿಗೂ ತಿಳಿಯುತ್ತಿತ್ತು. ಟ್ಯೂನಾ ಮೀನನ್ನು ಉಪ್ಪುನೀರಲ್ಲಿ ಬೇಯಿಸಿ, ಮೀನು ತೆಗೆದ ಮೇಲೆ ಉಳಿದ ನೀರನ್ನು ಇಡೀ ದಿನ ಸಣ್ಣ ಉರಿಯಲ್ಲಿ ಕುದಿಸುತ್ತ ಹೋದರೆ ಕೊನೆಗೆ ಪಾತ್ರೆಯ ತಳದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾದ, ಕಂದು ಬಣ್ಣದ ರಿಹಾಕುರು ಉಳಿಯುತ್ತದೆ. ಒಂದು ಬೆರಳು ನೆಕ್ಕಿದರೆ ಒಂದು ತಟ್ಟೆ ಅನ್ನ ಹೋಗಬೇಕು, ಹಾಗಿರುತ್ತಿತ್ತು ಅವಳ ಕೈಯ ರಿಹಾಕುರು. ರಾಜಧಾನಿ ಮಾಲೆಯ ಅಂಗಡಿಯವರು ಬಾಟಲಿಯ ಮೇಲೆ ಬೇರೆ ಹೆಸರು ಅಂಟಿಸಿ ಮಾರುತ್ತಿದ್ದರೂ ತಿನ್ನುವವರು ಮಾತ್ರ “ಜುಹೂರಾಳದ್ದು ಕೊಡಿ” ಎಂದೇ ಕೇಳುತ್ತಿದ್ದರು.

ಹೆಂಗಸು ಗಟ್ಟಿ. ಎರಡು ಸಲ ಮದುವೆಯಾಗಿ ಎರಡು ಸಲವೂ ಬಿಟ್ಟು ಬಂದಿದ್ದಳು. ನಮ್ಮ ದ್ವೀಪಗಳಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಮೊದಲ ಗಂಡ ಜಕರಿಯ್ಯಾ ದೋಣಿಯ ಎಂಜಿನ್ ರಿಪೇರಿಯವನು. ಅವನಿಂದ ಒಬ್ಬಳು ಮಗಳು, ನಶ್ವಾ. ಎರಡನೆಯವನ ವಿಷಯ ಕೇಳಿದರೆ “ಅವನ ಮುಖವೇ ಮರೆತಿದೆ” ಎನ್ನುತ್ತಿದ್ದಳು. ಆಮೇಲೆ ಒಲೆಯೇ ಅವಳ ಸಂಸಾರ. ಯಾರ ಹಂಗಿಗೂ ಬಿದ್ದವಳಲ್ಲ. ಪಕ್ಕದ ಮನೆಯಿಂದ ಒಂದು ನಿಂಬೆಹಣ್ಣು ತಂದರೂ ಸಂಜೆಗೆ ಬಟ್ಟಲು ತುಂಬ ಏನಾದರೂ ಹಾಕಿ ತೀರಿಸುತ್ತಿದ್ದಳು.

ಆ ಒಲೆಯ ಮುಂದೆಯೇ ಒಂದು ದಿನ ಅವಳಿಗೆ ಏಳಲಾಗಲಿಲ್ಲ. ಸೊಂಟ ಹಿಡಿದುಕೊಂಡದ್ದು ಹೊಸತೇನಲ್ಲ, ವರ್ಷಗಳಿಂದ ಕುಂಟುತ್ತಲೇ ಇದ್ದಳು. ಆದರೆ ಆ ದಿನ ಪಾತ್ರೆ ಸೀದು ಹೋಗುವ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕೈ ಚಾಚಿ ಕಟ್ಟಿಗೆ ಎಳೆಯಲು ಆಗಲಿಲ್ಲ. ಅಳಲಿಲ್ಲ, ಕೂಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ಯಾರೋ ವಾಸನೆ ಹಿಡಿದು ಬಂದು ಎತ್ತಿದರು. ಆ ಪಾತ್ರೆ ಸೀದದ್ದೇ ಅವಳಿಗೆ ಸೊಂಟಕ್ಕಿಂತ ಹೆಚ್ಚು ನೋವು.

ಮಾಲೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಹುಟ್ಟಿನಿಂದಲೇ ಸೊಂಟದ ಕೀಲು ಸರಿಯಾಗಿ ಕೂತಿಲ್ಲ, ಈಗ ಪೂರ್ತಿ ಸವೆದಿದೆ, ಬದಲಾಯಿಸಬೇಕು, ಇಂಥದ್ದನ್ನು ಇಲ್ಲಿ ಮಾಡುವುದಿಲ್ಲ, ತಿರುವನಂತಪುರಕ್ಕೆ ಹೋಗುವುದು ಒಳ್ಳೆಯದು ಎಂದರು. ಮಾಲೆಯಲ್ಲೇ ಕೆಲಸದಲ್ಲಿದ್ದು ಅಮ್ಮನನ್ನು ಅಲ್ಲಿಗೆ ಕರೆದೊಯ್ದಿದ್ದ ನಶ್ವಾ ಆಗಷ್ಟೇ ಬಸುರಿ. ತನ್ನ ಮನೆಗೆ ಬಂದು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು ವಿಚಾರ ಬಿಡಿಸಿ ಹೇಳಿದಳು.

“ನೋಡು ಮಮ್ಮಾ, ಮೂರು ದಾರಿ. ನಿನ್ನ ಚಿನ್ನದ ಬಳೆ ಮಾರಿ ಕೈಯಿಂದ ಕಟ್ಟಿದರೆ ನಾಳೆಯೇ ಹೋಗಬಹುದು. ಆದರೆ ನಮ್ಮ ರುಫಿಯಾ ಕೊಟ್ಟರೆ ಅಲ್ಲಿ ಯಾರು ತಗೋತಾರೆ? ಡಾಲರ್ ಬೇಕು, ಬ್ಯಾಂಕಲ್ಲಿ ಸಿಗಲ್ಲ, ಹೊರಗೆ ಕೊಂಡರೆ ಸುಲೀತಾರೆ. ಇಲ್ಲ, ನನ್ನ ಕಂಪನಿಯ ವಿಮೆಗೆ ನಿನ್ನ ಹೆಸರು ಸೇರಿಸಬಹುದು. ಮೊದಲೇ ಇದ್ದ ಕಾಯಿಲೆಗೆ ಅವರು ಕೊಡಲ್ಲ. ನಿನ್ನದು ಹುಟ್ಟಿನಿಂದ ಇದೆಯಂತೆ!”

“ಮೂರನೆಯದು?”

“ಸರ್ಕಾರದ ವಿಮೆ. ಇಲ್ಲಿ ಆಗಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಅವರು ಕೂತು ನೋಡಿ ಒಪ್ಪಿಗೆ ಕೊಡ್ತಾರೆ. ದುಡ್ಡು ನಮ್ಮ ಕೈಗೆ ಬರಲ್ಲ, ನೇರ ಆಸ್ಪತ್ರೆಗೆ ಹೋಗುತ್ತೆ. ನಿನ್ನ ವಿಮಾನದ ಟಿಕೆಟ್ಟು, ಜೊತೆಗೆ ಹೋಗುವ ಒಬ್ಬರದ್ದು, ಅದೂ ಅವರದ್ದೇ. ಆದರೆ ಕಾಯಬೇಕು. ಆಮೇಲೆ ಉಳಿಯೋ ಜಾಗ, ಊಟ ನಮ್ಮದು.”

“ನನಗೆ ಯಾಕೆ ಕೊಡ್ತಾರೆ? ನಾನು ಅವರಿಗೆ ಏನು ಕೊಟ್ಟಿದೀನಿ?”

“ಈ ದೇಶದಲ್ಲಿ ಹುಟ್ಟಿದೀಯಲ್ಲ, ಸಾಕು.”

ಅಂಥ ಮಾತು ಅವಳಿಗೆ ಅರ್ಥವಾಗುವಂಥದ್ದಲ್ಲ. ಆದರೂ ಕಾಯಲು ಒಪ್ಪಿದಳು. ಮಳೆಗಾಲ ಕಳೆದು ಗಾಳಿ ತಿರುಗುವ ಹೊತ್ತಿಗೆ ಒಪ್ಪಿಗೆ ಬಂತು.

ಜೊತೆಗೆ ಹೋಗುವವರು ಯಾರು ಎನ್ನುವುದೇ ಈಗ ಪ್ರಶ್ನೆ. ನಶ್ವಾಳಿಗೆ ದಿನ ಹತ್ತಿರವಾಗಿತ್ತು. ಹಿಂದಿಯೋ ಮಲಯಾಳವೋ ಬರುವವರು, ಆಸ್ಪತ್ರೆ ಕಂಡವರು ಬೇಕು. ಈ ಯೋಚನೆಯಲ್ಲಿ ಜುಹೂರಾ ಅಂಗಳದ ಜೋಲಿಯಲ್ಲಿ, ಹಗ್ಗದ ಆ ತೂಗುಕುರ್ಚಿಯಲ್ಲಿ, ಕೂತಿದ್ದಾಗ ಗೇಟಿನಲ್ಲಿ ಜಕರಿಯ್ಯಾ ಕಾಣಿಸಿಕೊಂಡ. ಕೈ ತುಂಬ ಎಂಜಿನ್ ಎಣ್ಣೆ.

“ನಿನ್ನ ಸೊಂಟಕ್ಕೆ ಒಪ್ಪಿಗೆ ಬಂತಂತೆ.”

“ಬಂತು. ನಿನ್ನ ಒಪ್ಪಿಗೆ ಕೇಳಿದ ನೆನಪಿಲ್ಲ.”

“ಜೊತೆಗೆ ಮೂಮಿನಾ ಬರ್ತಾಳೆ.”

ಮೂಮಿನಾ ಎಂದರೆ ಅವನ ಈಗಿನ ಹೆಂಡತಿ. ಜುಹೂರಾ ಬಿಟ್ಟು ಬಂದ ಮರುವರ್ಷವೇ ಕಟ್ಟಿಕೊಂಡವಳು. ಜುಹೂರಾ ಬಾಯಲ್ಲಿದ್ದ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಬ್ಬಿದಳು. “ನಿನ್ನ ಹೆಂಡತಿ ನನ್ನ ಸೊಂಟ ಹಿಡಿದುಕೊಂಡು ಕೇರಳ ತಿರುಗ್ತಾಳಾ? ಈ ದ್ವೀಪಕ್ಕೆ ಒಂದು ವರ್ಷ ನಗೋಕೆ ಸಾಕು.”

“ನಗಲಿ ಬಿಡು. ಇಲ್ಲಿ ನಗೋಕೆ ಬೇರೆ ಏನಿದೆ?” ಎಂದು ಅವನು ಹೋದ.

ಮಾರನೆಯ ದಿನ ಮೂಮಿನಾಳೇ ಬಂದಳು. ತೆಳ್ಳಗೆ, ಚುರುಕಾಗಿ, ಬಂದವಳೇ ಜಗಲಿಯ ಮೇಲೆ ಬಿದ್ದಿದ್ದ ಒಣಮೀನನ್ನು ಮಗುಚಿ ಹಾಕಿ ಕೂತಳು.

“ದತ್ತಾ,” ಎಂದಳು, ಅಕ್ಕನನ್ನು ಕರೆಯುವ ಹಾಗೆ.

“ನಾನು ಯಾವಾಗ ನಿನಗೆ ಅಕ್ಕ ಆದೆ?”

“ಆಯ್ತು, ಆಗಬೇಡಿ. ನನಗೂ ನಿಮ್ಮ ಮೇಲೆ ಪ್ರೀತಿ ಉಕ್ಕಿ ಹರೀತಿಲ್ಲ. ಆದರೆ ನನ್ನ ಹುಡುಗನ ಹೃದಯದಲ್ಲಿ ತೂತು ಇದೆ ಅಂದಾಗ ಅದೇ ತಿರುವನಂತಪುರದಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿದ್ದವಳು ನಾನು. ಆಗ ಈ ವಿಮೆ ಗಿಮೆ ಏನೂ ಇರಲಿಲ್ಲ. ಇಡೀ ಊರು ಒಂದು ದಿನದ ಮೀನು ನಮಗೆ ಅಂತ ಬಿಟ್ಟುಕೊಟ್ಟಿತು. ಆ ಮೀನನ್ನೆಲ್ಲ ಬೇಯಿಸಿ, ರಿಹಾಕುರು ಮಾಡಿ, ಮಾಲೆಗೆ ಕಳಿಸಿದ್ದು ಯಾರು?”

“ಅದು ಊರಿನ ಕೆಲಸ. ನಿನಗಾಗಿ ಮಾಡಿದ್ದಲ್ಲ.”

“ನಾನೂ ನಿಮಗಾಗಿ ಬರ್ತಿಲ್ಲ. ಊರಿನ ಕೆಲಸ ಅಂದುಕೊಳ್ಳಿ,” ಎಂದು ಮೂಮಿನಾ ಎದ್ದಳು. “ಪಾಸ್‌ಪೋರ್ಟ್ ಎಲ್ಲಿಟ್ಟಿದೀರಿ? ಕೊಡಿ ಇಲ್ಲಿ.”

ಹಾಗೆ ಇಬ್ಬರೂ ಹೊರಟರು. ಜುಹೂರಾ ಚೀಲದಲ್ಲಿ ರಿಹಾಕುರುವಿನ ದೊಡ್ಡ ಡಬ್ಬಿ ಇಟ್ಟುಕೊಂಡಳು. ಯಾರಿಗೆ ಎಂದು ಕೇಳಿದರೆ “ಪರದೇಶ, ಯಾರಿಗಾದರೂ ಏನಾದರೂ ಕೊಡಬೇಕಾಗುತ್ತೆ” ಎಂದಳು. ವಿಮಾನ ಏರುವಾಗ ಮೂಮಿನಾ ಹೆಗಲು ಕೊಟ್ಟಳು. ಜುಹೂರಾ ಮೊದಲು ಕಂಬಿ ಹಿಡಿಯಲು ನೋಡಿದಳು, ಕಂಬಿ ದೂರವಿತ್ತು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಓಮನಮ್ಮ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ನಮ್ಮ ದ್ವೀಪಗಳ ರೋಗಿಗಳು ಸದಾ ಬರುವುದರಿಂದ ಆ ಬೀದಿಯ ಬೋರ್ಡುಗಳೆಲ್ಲ ನಮ್ಮ ಲಿಪಿಯಲ್ಲಿ, ಔಷಧದ ಅಂಗಡಿಯವನು ನಮ್ಮ ಭಾಷೆಯಲ್ಲಿ ಬೈಯುತ್ತಿದ್ದ. ಬಾಡಿಗೆಯ ವಿಷಯದಲ್ಲಿ ಮೂಮಿನಾ ಮಲಯಾಳದಲ್ಲಿ ಹಿಡಿದ ಪಟ್ಟಿಗೆ ಓಮನಮ್ಮ ಕೊನೆಗೆ ನಗುತ್ತ ಕೈಮುಗಿದಳು. ಜುಹೂರಾ ಬಾಯಿಬಿಟ್ಟು ನೋಡಿದಳು. ಊರಿನಲ್ಲಿ ಗೋಡೆಗಂಟಿ ನಡೆಯುತ್ತಿದ್ದ ಹೆಂಗಸು ಇವಳೇನಾ?

ಆಸ್ಪತ್ರೆಯಲ್ಲಿ ಹೊರದೇಶದ ರೋಗಿಗಳಿಗೆಂದೇ ಒಂದು ಕೌಂಟರ್. ಅಲ್ಲಿ ಬೈಜು ಎಂಬುವನು, ಮೀಸೆಯ ಮಲಯಾಳಿ, ನಮ್ಮ ಮಾತನ್ನು ಹಾಡಿನ ಹಾಗೆ ಎಳೆದು ಆಡುತ್ತಿದ್ದ. ಅವನೇ ಡಾಕ್ಟರ ಬಳಿಗೆ ಕರೆದೊಯ್ದ. ಡಾಕ್ಟರು ಎರಡು ಬಗೆಯ ಕೀಲು ತೋರಿಸಿದರು. ಒಂದಕ್ಕೆ ವಿಮೆ ಪೂರ್ತಿ ಕೊಡುತ್ತದೆ, ಇನ್ನೊಂದು ಹೆಚ್ಚು ಕಾಲ ಬಾಳುತ್ತದೆ, ಆದರೆ ಮೇಲಿನ ದುಡ್ಡು ಕೈಯಿಂದ ಹಾಕಬೇಕು.

“ವಿಮೆ ಕೊಡುವ ಕೀಲು ಎಷ್ಟು ಕಾಲ ಬರುತ್ತೆ ಕೇಳು,” ಎಂದಳು ಜುಹೂರಾ.

ಬೈಜು ಕೇಳಿ ಹೇಳಿದ. ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ.

“ಹಾಗಾದರೆ ಅದೇ ಸಾಕು. ಅದಕ್ಕಿಂತ ಮುಂದೆ ನಾನು ಯಾರ ಮದುವೇಲಿ ಕುಣೀಬೇಕು?”

ಎಲ್ಲ ಸುಸೂತ್ರ ಎಂದುಕೊಳ್ಳುವಾಗ ಪರೀಕ್ಷೆಗಳ ಫಲ ಬಂತು. ಸಕ್ಕರೆ ಏರಿದೆ, ಅದನ್ನು ಇಳಿಸಬಹುದು. ಆದರೆ ಬಾಯಲ್ಲಿ ಮೂರು ಹಲ್ಲು ಕೊಳೆತು ಕೀವಾಗಿದೆ. ಬಾಯಲ್ಲಿ ಕೀವಿಟ್ಟುಕೊಂಡು ಹೊಸ ಕೀಲು ಹಾಕಿದರೆ ನಂಜು ಅಲ್ಲಿಗೂ ಇಳಿಯುತ್ತದೆ. ಮೊದಲು ಹಲ್ಲು ಕೀಳಬೇಕು, ಗಾಯ ಮಾಯಬೇಕು, ಆಮೇಲೆ ಸೊಂಟ.

“ಸೊಂಟಕ್ಕೆ ಬಂದವಳ ಹಲ್ಲು ಕೀಳ್ತಾರಂತೆ!” ಎಂದು ಜುಹೂರಾ ಮೂಮಿನಾಳ ಮುಖ ನೋಡಿದಳು.

“ಬೆಳಗಿಂದ ಸಂಜೆವರೆಗೆ ಅಡಿಕೆ ಅಗಿದರೆ ಇನ್ನೇನಾಗುತ್ತೆ?”

ಬೈಜು ಮುಖ ಸಣ್ಣದು ಮಾಡಿಕೊಂಡು ಉಳಿದದ್ದನ್ನೂ ಹೇಳಿದ. ಒಪ್ಪಿಗೆ ಬಂದಿರುವುದು ಸೊಂಟಕ್ಕೆ ಮಾತ್ರ. ಹಲ್ಲಿಗೆ ವಿಮೆ ಇಲ್ಲ, ಕೈಯಿಂದಲೇ ಕಟ್ಟಬೇಕು. ಸಾಲದ್ದಕ್ಕೆ ಒಪ್ಪಿಗೆಗೂ ಒಂದು ಗಡುವಿದೆ. ಗಾಯ ಮಾಯುವಷ್ಟರಲ್ಲಿ ಅದು ಮುಗಿಯುತ್ತದೆ, ಮುಂದಕ್ಕೆ ಹಾಕಿಸಿಕೊಳ್ಳಲು ಡಾಕ್ಟರ ಕಾಗದ ಹೋಗಬೇಕು. “ಅದು ನನಗೆ ಬಿಡಿ ದತ್ತಾ. ಇಂಥದ್ದು ಎಷ್ಟೋ ಮಾಡಿಸಿದೀನಿ,” ಎಂದ.

ಕೋಣೆಗೆ ಬಂದು ಇಬ್ಬರೂ ಮಂಚದ ಮೇಲೆ ಕೂತರು. ಮೂರು ವಾರಕ್ಕೆಂದು ತಂದಿದ್ದ ದುಡ್ಡು ಹಲ್ಲಿಗೇ ಅರ್ಧ ಹೋಗುತ್ತಿತ್ತು. ನಶ್ವಾಗೆ ಫೋನು ಮಾಡಿದರೆ, ಅವಳ ಕಾರ್ಡಿನಿಂದ ಹೊರದೇಶಕ್ಕೆ ಕಳಿಸುವ ಮಿತಿ ಆ ತಿಂಗಳು ಮುಗಿದಿತ್ತು.

“ವಾಪಸ್ ಹೋಗೋಣ,” ಎಂದಳು ಜುಹೂರಾ. “ನಿನಗೂ ಮನೆ ಇದೆ.”

“ಹೋಗಿ ಮತ್ತೆ ಮೊದಲಿಂದ ಒಪ್ಪಿಗೆ ಕೇಳ್ತೀರಾ? ಮತ್ತೆ ಒಂದು ಮಳೆಗಾಲ ಜೋಲೀಲಿ ಕೂರ್ತೀರಾ?” ಮೂಮಿನಾ ಎದ್ದು ಬಾಗಿಲು ತೆರೆದಳು. ಪಕ್ಕದ ಕೋಣೆಯಿಂದ ಸಾಂಬಾರಿನ ವಾಸನೆ ಬರುತ್ತಿತ್ತು. “ಈ ಕಟ್ಟಡದಲ್ಲಿ, ಎದುರಿನ ಕಟ್ಟಡದಲ್ಲಿ ಇರೋರೆಲ್ಲ ನಮ್ಮವರೇ. ಬೆಳಗ್ಗೆ ಎದ್ದು ಇಡ್ಲಿ ಮುಂದೆ ಕೂತು ಅಳು ಮುಖ ಮಾಡ್ಕೊಂಡಿರ್ತಾರೆ. ನಿಮ್ಮ ಚೀಲದಲ್ಲಿ ಒಂದು ಡಬ್ಬಿ ರಿಹಾಕುರು ಇದೆ. ಕೈ ಎರಡೂ ಚೆನ್ನಾಗಿವೆ. ಸೊಂಟಕ್ಕೂ ರೊಟ್ಟಿಗೂ ಏನು ಸಂಬಂಧ?”

ಓಮನಮ್ಮ ಮೀನು ಮುಟ್ಟದವಳು. ಮಹಡಿಯ ಮೇಲೆ ಒಲೆ ಹಚ್ಚಲು ಕೇಳಿದಾಗ ಮೂಗು ಮುರಿದಳು. ಆಮೇಲೆ ಜುಹೂರಾ ಗೋಡೆ ಹಿಡಿದು ಮೆಟ್ಟಿಲ ಬಳಿ ನಿಂತದ್ದನ್ನು ಕಂಡು, “ಮೇಲೆ ಮಾಡಿಕೊಳ್ಳಿ, ಗಾಳಿ ಸಮುದ್ರದ ಕಡೆಗೆ ಬೀಸುವಾಗ ಮಾತ್ರ,” ಎಂದಳು. ಹಳೆಯ ಗ್ಯಾಸ್ ಒಲೆಯನ್ನೂ ಅವಳೇ ಕೊಟ್ಟಳು.

ಮಾರನೆಯ ಬೆಳಗಿನಿಂದ ಕೆಲಸ ಶುರು. ಜುಹೂರಾ ಕುರ್ಚಿಯಲ್ಲಿ ಕೂತು ಹಿಟ್ಟು ನಾದಿ ರೋಶಿ ಲಟ್ಟಿಸುವುದು. ಮೂಮಿನಾ ಬೇಯಿಸುವುದು, ತೆಂಗಿನಕಾಯಿ ತುರಿದು ಮೀನು, ಈರುಳ್ಳಿ, ನಿಂಬೆರಸ ಹಾಕಿ ಮಸ್ ಹುನಿ ಕಲಸುವುದು, ಬಾಗಿಲು ಬಾಗಿಲಿಗೆ ಕೊಂಡೊಯ್ಯುವುದು. ಮೇಲೊಂದು ಚಮಚ ರಿಹಾಕುರು. ಯಾರ ಬಳಿಯೂ ಇಷ್ಟು ಕೊಡಿ ಎಂದು ಕೇಳಲಿಲ್ಲ. ಉಂಡವರು ಕೈಲಾದಷ್ಟು ದುಡ್ಡು ತಟ್ಟೆಯ ಕೆಳಗೆ ಇಟ್ಟು ಕಳಿಸುತ್ತಿದ್ದರು. ಮಗನ ಮೂತ್ರಪಿಂಡಕ್ಕೆಂದು ಬಂದಿದ್ದ ದಕ್ಷಿಣದ ಹವಳದ್ವೀಪದ ಮುದುಕನೊಬ್ಬ ಮೊದಲ ತುತ್ತಿಗೇ ಕಣ್ಣೊರೆಸಿಕೊಂಡು, “ಇದು ಹಿರುಂದೂದ್ದಲ್ವಾ?” ಎಂದು ಕೇಳಿದನಂತೆ. ಮೂಮಿನಾ ಬಂದು ಹೇಳಿದಾಗ ಜುಹೂರಾ ಅವನಿಗೆಂದು ಇನ್ನೆರಡು ರೋಶಿ ಲಟ್ಟಿಸಿದಳು.

ಆ ದುಡ್ಡು ಕೂಡಿ ಹಲ್ಲು ಕಿತ್ತ ದಿನ ಜುಹೂರಾಳ ಕೆನ್ನೆ ಹಲಸಿನ ಹಣ್ಣಿನಂತೆ ಊದಿತ್ತು. ಮಾತಾಡಲಾಗದೆ ಕೂತವಳ ಮುಂದೆ ಮೂಮಿನಾ ಗಂಜಿ ಇಟ್ಟಳು.

“ನಿಮ್ಮ ಬಾಯಿ ಮುಚ್ಚಿಸೋಕೆ ನಮ್ಮೂರವರು ಯಾರಿಗೂ ಆಗಲಿಲ್ಲ. ಕೇರಳದವರಿಗೆ ಆಯ್ತು.”

ಊತ ಇಳಿದ ಮೇಲೆ ಒಂದು ಬೆಳಿಗ್ಗೆ ಹಿಟ್ಟು ನಾದುತ್ತ ಜುಹೂರಾಳೇ ಬಾಯಿ ತೆರೆದಳು. “ಒಂದು ಕೇಳ್ತೀನಿ. ಅವನು ಈಗಲೂ ಮಾತಾಡ್ತಾ ಆಡ್ತಾ ನಡುವೇನೇ ನಿದ್ದೆ ಹೋಗ್ತಾನಾ?”

ಮೂಮಿನಾ ತಿರುವಿ ಹಾಕುತ್ತಿದ್ದ ರೋಶಿಯನ್ನು ಅಲ್ಲೇ ಬಿಟ್ಟಳು. “ನಿಮ್ಮ ಹತ್ರಾನೂ ಹೋಗ್ತಿದ್ನಾ? ನನ್ನ ಮಾತು ಕೇಳೋಕೆ ಬೇಸರ ಅಂತ ಇಷ್ಟು ವರ್ಷ ನಾನು ಅಳ್ತಿದ್ದೆ!”

“ಅಯ್ಯೋ ಹುಚ್ಚಿ, ತಲಾಖ್ ಹೇಳುವಾಗಲೂ ನಡುವೆ ಆಕಳಿಸಿದ ಪುಣ್ಯಾತ್ಮ ಅವನು.”

ಇಬ್ಬರೂ ನಕ್ಕದ್ದು ಎಷ್ಟೆಂದರೆ ಓಮನಮ್ಮ ಕೆಳಗಿನಿಂದ ಏನಾಯಿತು ಎಂದು ಕೂಗಿದಳು, ರೋಶಿ ಸೀದುಹೋಯಿತು. ಸೀದ ರೋಶಿಯನ್ನು ಇಬ್ಬರೂ ಹಂಚಿಕೊಂಡು ತಿಂದರು.

ಗಡುವು ಮುಂದಕ್ಕೆ ಹೋದ ಸುದ್ದಿಯನ್ನು ಬೈಜು ಮಹಡಿ ಹತ್ತಿ ಬಂದು ಹೇಳಿದ. ಬಂದವನಿಗೆ ತಟ್ಟೆ ಕೊಡದೆ ಕಳಿಸಲಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಕೌಂಟರಿನಲ್ಲಿ ಜೊತೆಯವರು ಸಹಿ ಹಾಕಬೇಕಿತ್ತು.

“ರೋಗಿಗೆ ನೀವು ಏನಾಗಬೇಕು?” ಎಂದು ಬೈಜು ಮೂಮಿನಾಳನ್ನು ಕೇಳಿದ.

“ಅವರ ಗಂಡನ ಹೆಂಡತಿ.”

ಬೈಜುವಿನ ಪೆನ್ನು ನಿಂತಿತು. “ಹಳೇ ಗಂಡ,” ಎಂದಳು ಜುಹೂರಾ ಗಾಲಿಕುರ್ಚಿಯಿಂದ. “ಈಗ ಇವಳಿಗೆ ಗಂಡ. ನನ್ನ ಮಗಳಿಗೆ ಅಪ್ಪ.”

“ದತ್ತಾ, ಇಷ್ಟು ಬರೆಯೋಕೆ ಇಲ್ಲಿ ಜಾಗ ಇಲ್ಲ.”

“ಹಾಗಾದರೆ ತಂಗಿ ಅಂತ ಬರಿ. ಚಿಕ್ಕದಾಗಿ ಮುಗಿಯುತ್ತೆ.”

ಮೂಮಿನಾ ಸಹಿ ಹಾಕಿದಳು, ಗಾಲಿಕುರ್ಚಿ ತಳ್ಳುತ್ತ ಬಾಗಿಲವರೆಗೆ ಹೋದಳು. ಬಾಗಿಲ ಬಳಿ ಜುಹೂರಾಳ ತಲೆವಸ್ತ್ರವನ್ನು ಸರಿಮಾಡಿ, ಬಿಚ್ಚಿ, ಮತ್ತೆ ಸರಿಮಾಡಿದಳು. “ಹೆದರಬೇಡ ಕೊಕ್ಕೊ,” ಎಂದು ತಂಗಿಗೆ ಹೇಳುವಂತೆ ಹೇಳಿ ಜುಹೂರಾ ಒಳಗೆ ಹೋದಳು.

ಎಚ್ಚರವಾದಾಗ ಮೊದಲು ಕಂಡದ್ದು ಮೂಮಿನಾಳ ಮುಖ. ಕಾಲಿದೆಯೇ ಎಂದು ಕೇಳಿದಳು. ಇದೆ, ಎರಡೂ ಇವೆ, ಒಂದೇ ಉದ್ದ ಇವೆ ಎಂದಳು ಅವಳು. ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು. ನೋವು ಎಂದರೆ ಎಂಥ ನೋವು! ಜುಹೂರಾ ಹಾಸಿಗೆಗೆ ವಾಪಸಾಗಲು ನೋಡಿದರೆ ಮೂಮಿನಾ ಅಡ್ಡ ನಿಂತಳು.

“ಇಡೀ ದಿನ ಬೆಂಕಿ ಮುಂದೆ ಕೂರೋ ಹೆಂಗಸು ನಾಲ್ಕು ಹೆಜ್ಜೆಗೆ ಅಳ್ತಾಳೆ ಅಂತ ಊರಲ್ಲಿ ಹೇಳ್ಲಾ?”

“ಹೇಳು ನೋಡೋಣ. ನಿನ್ನ ನಾಲಿಗೆ ಒಣಗಿಸಿ ತೂಗುಹಾಕ್ತೀನಿ.”

“ನಡೆದು ಬಂದು ಹಾಕಿ.”

ಹೀಗೆ ಬೈದಾಡಿಕೊಂಡೇ ನಡಿಗೆ ಬಂತು. ಒಂದು ಕೈ ಕೋಲಿನ ಮೇಲೆ, ಇನ್ನೊಂದು ಮೂಮಿನಾಳ ಹೆಗಲ ಮೇಲೆ. ಕಂಬಿ ಈಗ ಹತ್ತಿರವೇ ಇರುತ್ತಿತ್ತು, ಅವಳು ಹೆಗಲನ್ನೇ ಹಿಡಿಯುತ್ತಿದ್ದಳು.

ಆಸ್ಪತ್ರೆಯಿಂದ ಬಿಡುವ ದಿನ ಬಂತು. ಏನೇ ಹೇಳಲಿ, ಕೊನೆಯಲ್ಲಿ ದೊಡ್ಡದೊಂದು ಬಿಲ್ಲು ಮುಂದೆ ಹಿಡಿದೇ ಹಿಡಿಯುತ್ತಾರೆ ಎಂದು ಜುಹೂರಾಳ ಲೆಕ್ಕ. ಅದಕ್ಕೆಂದೇ ಇಷ್ಟು ದಿನ ಮಾರದೆ ಇಟ್ಟಿದ್ದ ಬಳೆಗಳನ್ನು ಕೈಯಲ್ಲೇ ಹಾಕಿಕೊಂಡು ಬಂದಿದ್ದಳು, ಬೇಕಾದರೆ ಅಲ್ಲೇ ಬಿಚ್ಚಿ ಕೊಡಲು. ಬೈಜು ಕಾಗದ ಮಡಚಿ ಕೈಗಿಟ್ಟು “ಹೋಗಿ ಬನ್ನಿ” ಎಂದ.

“ಕಟ್ಟುವುದು?”

“ಏನೂ ಇಲ್ಲ. ನಿಮ್ಮ ದೇಶ ಕಟ್ಟಿದೆ.”

“ಯಾರು ಕಟ್ಟಿದ್ದು? ಹೆಸರು ಹೇಳು. ಮಾಲೆಗೆ ಹೋದಾಗ ಅವರ ಮನೆಗೆ ಹೋಗಿ ಬರ್ತೀನಿ.”

“ಒಬ್ಬರ ಹೆಸರು ಇಲ್ಲ ದತ್ತಾ. ಎಲ್ಲರೂ ಸೇರಿ.”

ಜುಹೂರಾ ಕಾಗದ ಹಿಡಿದುಕೊಂಡು ನಿಂತೇ ಇದ್ದಳು. ನಿಂಬೆಹಣ್ಣಿನ ಋಣ ಸಂಜೆಗೆ ತೀರಿಸುತ್ತಿದ್ದವಳಿಗೆ ಈ ಋಣವನ್ನು ಯಾರ ಬಾಗಿಲಿಗೆ ಒಯ್ಯಬೇಕೋ ತಿಳಿಯಲಿಲ್ಲ. ಮಾಲೆಯಲ್ಲಿ ಹಡಗಿನ ಸರಕು ಇಳಿಸುವವರು, ರೆಸಾರ್ಟಿನಲ್ಲಿ ತಟ್ಟೆ ತೊಳೆಯುವವರು, ತನ್ನ ಮಗಳು, ತನ್ನ ರಿಹಾಕುರು ಕೊಂಡವರು, ಎಲ್ಲರೂ ಸೇರಿ ತನಗೊಂದು ಸೊಂಟ ಕೊಡಿಸಿದ್ದಾರೆ ಎನಿಸಿ ಕಣ್ಣು ತುಂಬಿತು. ಜನರ ಮುಂದೆ ಅವಳು ಅತ್ತದ್ದು ಅದೇ ಮೊದಲು. ಮೂಮಿನಾ ಆ ಕಡೆ ತಿರುಗಿ ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತಳು. ಡಬ್ಬಿಯ ತಳದಲ್ಲಿ ಉಳಿದಿದ್ದ ರಿಹಾಕುರುವನ್ನು ಸಣ್ಣ ಬಾಟಲಿಗೆ ಬಳಿದು ಬೈಜುವಿಗೆ ಕೊಟ್ಟರು. ಓಮನಮ್ಮನಿಗೆ ಜುಹೂರಾ ಒಂದು ಬಳೆ ಬಿಚ್ಚಿಕೊಡಲು ಹೋದರೆ ಅವಳು ಕೈ ಹಿಂದೆ ಕಟ್ಟಿಕೊಂಡಳು. “ಮುಂದಿನ ಸಲ ಮೊಮ್ಮಗುವನ್ನು ಕರಕೊಂಡು ಸುಮ್ಮನೆ ಬನ್ನಿ,” ಎಂದಳು.

ಹಿರುಂದೂ ದಕ್ಕೆಯಲ್ಲಿ ಊರಿಗೆ ಊರೇ ನಿಂತಿತ್ತು. ಜಕರಿಯ್ಯಾ ಸಿಮೆಂಟು ಸಾಗಿಸುವ ಒಂಟಿಗಾಲಿಯ ಕೈಗಾಡಿಗೆ ದಿಂಬು ಹಾಸಿ ತಂದಿದ್ದ. “ಇದರಲ್ಲಿ ನಿನ್ನನ್ನೇ ಕೂರಿಸಿ ತಳ್ಳಲಾ?” ಎಂದು ಕೇಳಿ ಜುಹೂರಾ ಕೋಲೂರಿ ಮುಂದೆ ನಡೆದಳು. ಚೀಲಗಳು ಗಾಡಿಯಲ್ಲಿ ಬಂದವು. ಜನ ನಗಲು ಬಂದಿದ್ದರೋ ಏನೋ, ಅವಳು ಕುಂಟದೆ ಮರಳಿನ ದಾರಿಯಲ್ಲಿ ನಡೆಯುವುದನ್ನು ಕಂಡು ಯಾರೂ ನಗಲಿಲ್ಲ.

ಕೂತು ಏಳುವ ಒಲೆ ಇನ್ನು ಕೂಡದು ಎಂದು ಡಾಕ್ಟರು ಹೇಳಿದ್ದರಿಂದ, ನಿಂತು ಕದಡುವಂಥ ಎತ್ತರದ ಒಲೆಯನ್ನು ಜಕರಿಯ್ಯಾ ಕಟ್ಟಿಕೊಟ್ಟ. ಕಟ್ಟುವಾಗಲೂ ನಡುವೆ ಎರಡು ಸಲ ನಿದ್ದೆ ಹೋದ. ಆ ಒಲೆಯ ಮುಂದೆ ಈಗ ಇಬ್ಬರು ಹೆಂಗಸರು. ಬಂದದ್ದನ್ನು ಸಮನಾಗಿ ಹಂಚಿಕೊಳ್ಳುತ್ತಾರೆ, ಉಪ್ಪು ಎಷ್ಟು ಎಂಬುದಕ್ಕೆ ದಿನವೂ ಜಗಳ. ದ್ವೀಪದಲ್ಲಿ ಯಾರಿಗಾದರೂ ಹೊರದೇಶದ ಚಿಕಿತ್ಸೆ ಎಂದರೆ ಮೊದಲು ಅಲ್ಲಿಗೇ ಬರುತ್ತಾರೆ. ಯಾವುದಕ್ಕೆ ವಿಮೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ, ಒಪ್ಪಿಗೆಯ ಗಡುವು ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ ಎಂದು ಮೂಮಿನಾ ಹೇಳುತ್ತಾಳೆ. “ಹೊರಡುವ ಮೊದಲು ಬಾಯಿ ತೆರೆದು ತೋರಿಸಿ,” ಎಂದು ಜುಹೂರಾ ಸೇರಿಸುತ್ತಾಳೆ.

ನಶ್ವಾಳಿಗೆ ಗಂಡು ಮಗು. ಅದನ್ನು ಎತ್ತಿಕೊಂಡು ನಿಂತು ಆಡಿಸುತ್ತ ಜುಹೂರಾ ಒಂದು ತಿಂಗಳು ಮಾಲೆಯಲ್ಲಿದ್ದು ಬಂದಳು. ಈಗ ನಮಾಜು ಕುರ್ಚಿಯ ಮೇಲೆ. ಮುಗಿದ ಮೇಲೆ ಕೈ ಎತ್ತಿ ಬೇಡುವ ಹೊತ್ತು ಮೊದಲಿಗಿಂತ ತುಂಬ ಉದ್ದವಾಗಿದೆ. ಮುಖ ಕಾಣದ ಕಚೇರಿಯವರಿಂದ ಹಿಡಿದು ಬೈಜು, ಓಮನಮ್ಮನವರೆಗೆ ಒಬ್ಬೊಬ್ಬರನ್ನೂ ನೆನೆದು, ಅವರ ಮಕ್ಕಳು ಚೆನ್ನಾಗಿರಲಿ, ಅವರ ಕೀಲುಗಳು ಗಟ್ಟಿಯಾಗಿರಲಿ ಎಂದು ಕೇಳಿಕೊಳ್ಳುತ್ತಾಳೆ. ದೋಣಿ ಬಂದು ಮೀನು ಇಳಿದ ದಿನ ಮೂಮಿನಾ ಗೇಟಿನಿಂದ ಕೂಗುತ್ತಾಳೆ: “ದತ್ತಾ, ಮೀನು ಹಾಳಾಗುತ್ತೆ, ಬೇಗ ಮುಗಿಸಿ!”

“ತಾಳೇ,” ಎಂದು ಒಳಗಿನಿಂದ ಉತ್ತರ ಬರುತ್ತದೆ. “ನಾನಿನ್ನೂ ತಿರುವನಂತಪುರದಲ್ಲೇ ಇದೀನಿ.”